ಬಿಸಿಲು, ಬೆವರು ಮತ್ತು ಮಿದುಳು

ಪಂಪ್‌ಸೆಟ್ಟಿನ ಮೋಟಾರು ಕಾದರೆ ರೈತ ಕೂಡಲೇ ಅದನ್ನು ನಿಲ್ಲಿಸಿ ಆರಲು ಬಿಡುತ್ತಾನೆ. ತನ್ನ ಮೈ ಕಾದಾಗ ಮಾತ್ರ ಇನ್ನೊಂದು ಸಾಲು ಮುಗಿಯಲಿ ಎನ್ನುತ್ತಾನೆ. ಏಪ್ರಿಲ್-ಮೇ ತಿಂಗಳಲ್ಲಿ ಈ ಒಂದು ಸಾಲು ಪ್ರಾಣಕ್ಕೇ ಎರವಾಗಬಹುದು.

ಮನುಷ್ಯನ ದೇಹದೊಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಇದನ್ನು ಕಾಯುವುದು ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಪುಟ್ಟ ಭಾಗ. ತನ್ನ ಮೂಲಕ ಹರಿಯುವ ರಕ್ತದ ಬಿಸಿಯನ್ನೂ ಚರ್ಮದ ನರಗಳು ತರುವ ಸುದ್ದಿಯನ್ನೂ ಅದು ತೂಗಿ ನೋಡುತ್ತದೆ. ಬಿಸಿ ಏರಿದೊಡನೆ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, 20ರಿಂದ 40 ಲಕ್ಷ ಬೆವರುಗ್ರಂಥಿಗಳಿಗೆ ಅಪ್ಪಣೆ ಕಳಿಸುತ್ತದೆ.

ಬೆವರು ಸುರಿದರೆ ಸಾಲದು, ಆರಬೇಕು. ಒಂದು ಲೀಟರು ಬೆವರು ಚರ್ಮದ ಮೇಲೆ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. ರಾಯಚೂರಿನ ಒಣಗಾಳಿಯಲ್ಲಿ ಬೆವರು ಬೇಗ ಆರುವುದರಿಂದ ಎಷ್ಟು ನೀರು ಹೋಯಿತೆಂದು ತಿಳಿಯುವುದೇ ಇಲ್ಲ. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ತೊಟ್ಟಿಕ್ಕಿದರೂ ಮೈ ತಂಪಾಗದು. ಬೆವರುಗ್ರಂಥಿ ಕಡಿಮೆಯಿರುವ ಎಮ್ಮೆ ಕೆರೆಗಿಳಿದು ಈ ಕೊರತೆ ತುಂಬಿಕೊಳ್ಳುತ್ತದೆ.

ಬಿಸಿಲಿನ ದುಡಿಮೆಯಲ್ಲಿ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಹುದು. ಆ ನೀರನ್ನು ತುಂಬದಿದ್ದರೆ ಬೆವರು ಕುಗ್ಗಿ ಶಾಖ ಒಳಗೇ ಉಳಿಯುತ್ತದೆ. ಒಳಗಿನ ಉಷ್ಣತೆ 40 ಡಿಗ್ರಿ ದಾಟಿದರೆ ಮಿದುಳೇ ಎಡವುತ್ತದೆ. ಮಾತು ತೊದಲುವುದು, ಕಾಲು ತಡವರಿಸುವುದು, ಕಾರಣವಿಲ್ಲದೆ ಸಿಡುಕುವುದು, ಕೊನೆಗೆ ಮೂರ್ಛೆ – ಇದೇ ಉಷ್ಣಾಘಾತ. ಮೈ ಬೆವರುತ್ತಿದ್ದರೂ ಇದು ಬರಬಹುದು. ಅಪಾಯವನ್ನು ಅಳೆಯಬೇಕಾದ ಅಂಗವೇ ಕೆಟ್ಟಿರುವುದರಿಂದ, 'ನನಗೇನೂ ಆಗಿಲ್ಲ' ಎಂಬ ಅವನ ಮಾತನ್ನು ನಂಬಬಾರದು. ನಿರ್ಧಾರ ಜೊತೆಗಾರರದಾಗಬೇಕು.

ಅವನನ್ನು ಕೂಡಲೇ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ಧಾರಾಳವಾಗಿ ತಣ್ಣೀರು ಸುರಿದು ಗಾಳಿ ಬೀಸಬೇಕು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆ ಇಲ್ಲಿ ನಿಷ್ಪ್ರಯೋಜಕ. ಜ್ವರದಲ್ಲಿ ಹೈಪೊಥಲಾಮಸ್ ತಾನೇ ಉಷ್ಣತೆಯ ಮಟ್ಟವನ್ನು ಏರಿಸಿರುತ್ತದೆ. ಮಾತ್ರೆ ಅದನ್ನು ಇಳಿಸುತ್ತದೆ. ಉಷ್ಣಾಘಾತದಲ್ಲಿ ಆ ಮಟ್ಟ ಏರಿರುವುದಿಲ್ಲ, ಶಾಖವೇ ಮಿತಿಮೀರಿರುತ್ತದೆ.

ಇದನ್ನು ತಡೆಯುವುದು ಕಷ್ಟವಲ್ಲ. ನಸುಕಿನಲ್ಲೇ ಕೆಲಸ ಆರಂಭಿಸಿ, ಮಧ್ಯಾಹ್ನ 12ರಿಂದ 3ರವರೆಗೆ ನಿಲ್ಲಿಸಬೇಕು. ಬಾಯಾರಿಕೆಗೆ ಕಾಯದೆ 20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ನಡುನಡುವೆ ಉಪ್ಪು ಬೆರೆಸಿದ ಮಜ್ಜಿಗೆಯೂ ಒಳ್ಳೆಯದು. ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಹೊಸ ಆಳಿಗೆ ಮೊದಲ ದಿನಗಳಲ್ಲಿ ಹಗುರ ಕೆಲಸ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕಡುಬಿಸಿಲಿನಲ್ಲಿ ಯಾರೂ ಹೊಲದಲ್ಲಿ ಒಂಟಿಯಾಗಿ ದುಡಿಯಬಾರದು.