ವಲಸಿಗನ ಕಥೆಯನ್ನು ಹೇಳುವವರು ಯಾರು?



2024ರ ಜುಲೈ 29ರಂದು ಇಂಗ್ಲೆಂಡಿನ ಸೌತ್‌ಪೋರ್ಟ್ ಪಟ್ಟಣದಲ್ಲಿ ಮಕ್ಕಳ ನೃತ್ಯ ತರಗತಿಗೆ ನುಗ್ಗಿದ ಹದಿನೇಳರ ಹರೆಯದವನೊಬ್ಬ ಮೂವರು ಹೆಣ್ಣುಮಕ್ಕಳನ್ನು ಇರಿದು ಕೊಂದನು. ಕೆಲವೇ ಗಂಟೆಗಳಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಒಂದು ಮುಸ್ಲಿಮ್ ಹೆಸರು ಹರಿದಾಡಿತು. ಆತ ದೋಣಿಯಲ್ಲಿ ಬಂದಿಳಿದ ಆಶ್ರಯಾರ್ಥಿ ಎಂದೂ ಪ್ರಚಾರವಾಯಿತು. ಮರುದಿನ ಸಂಜೆ ಆ ಊರಿನ ಮಸೀದಿಯ ಮೇಲೆ ಕಲ್ಲು, ಇಟ್ಟಿಗೆಗಳ ಸುರಿಮಳೆ.

ಆ ಹೆಸರು ಕಟ್ಟುಕತೆಯಾಗಿತ್ತು. ಆರೋಪಿಯು ವೇಲ್ಸ್‌ನ ಕಾರ್ಡಿಫ್‌ನಲ್ಲಿ, ರುವಾಂಡಾದಿಂದ ಬಂದ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದವನು. ಕಾರ್ಡಿಫ್‌ನಲ್ಲಿ ಹುಟ್ಟಿದವನೆಂದು ಪೊಲೀಸರು ಕೂಡಲೇ ತಿಳಿಸಿದ್ದರು. ಆಗಸ್ಟ್ 1ರಂದು ನ್ಯಾಯಾಲಯವು ಅವನ ನಿಜವಾದ ಹೆಸರನ್ನು ಪ್ರಕಟಿಸಲು ಅನುಮತಿಸಿತು. ಆದರೂ ಆಗಸ್ಟ್ 4ರಂದು ರಾದರ್‌ಹ್ಯಾಮ್‌ನಲ್ಲಿ ಆಶ್ರಯಾರ್ಥಿಗಳಿದ್ದ ಹೋಟೆಲಿಗೆ ಬೆಂಕಿಯಿಡುವ ಯತ್ನ ನಡೆಯಿತು. ಸುಳ್ಳು ಬಯಲಾದ ಮೇಲೂ ದೊಂಬಿ ನಿಲ್ಲಲಿಲ್ಲವೇಕೆ? ಏಕೆಂದರೆ ಆ ಸುಳ್ಳಿಗೆ ಬೇಕಾದ ಹೊಲವನ್ನು ದಶಕಗಳಿಂದ ಉತ್ತು ಇಡಲಾಗಿತ್ತು.

1968ರ ಏಪ್ರಿಲ್ 20ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಇನೋಕ್ ಪೊವೆಲ್ ಎಂಬ ರಾಜಕಾರಣಿ ವಲಸಿಗರಿಂದ ದೇಶದಲ್ಲಿ ರಕ್ತ ಹರಿಯಲಿದೆ ಎಂಬರ್ಥದ ಭಾಷಣ ಮಾಡಿದನು. ಪಕ್ಷವು ಅವನನ್ನು ಸ್ಥಾನದಿಂದ ಕಿತ್ತುಹಾಕಿತು, ಬಂದರು ಕಾರ್ಮಿಕರು ಅವನ ಪರವಾಗಿ ಮೆರವಣಿಗೆ ತೆಗೆದರು. ಸ್ವಾರಸ್ಯವೇನೆಂದರೆ, ಇದೇ ಮನುಷ್ಯ 1960ರಿಂದ 1963ರವರೆಗೆ ಆರೋಗ್ಯ ಸಚಿವನಾಗಿದ್ದನು. ಆಗ ಅಲ್ಲಿನ ಆಸ್ಪತ್ರೆಗಳು ವೆಸ್ಟ್ ಇಂಡೀಸ್‌ನ ದಾದಿಯರನ್ನೂ ನಮ್ಮ ಉಪಖಂಡದ ವೈದ್ಯರನ್ನೂ ನೆಚ್ಚಿಕೊಂಡಿದ್ದವು. ಕೈಗಳು ಬೇಕು, ಮುಖ ಬೇಡ!

2015ರಲ್ಲಿ ಪ್ರಧಾನಿ ಡೇವಿಡ್ ಕ್ಯಾಮರೂನ್ ಸಮುದ್ರ ದಾಟಿ ಬರುವ ನಿರಾಶ್ರಿತರಿಗೆ ಬಳಸಿದ್ದು ಕೀಟಗಳ ಹಿಂಡಿಗೆ ಬಳಸುವ ಪದವನ್ನು. ಸ್ಪೇನಿನ ಕಡಲತೀರದಲ್ಲಿ ನೆಲೆಸಿರುವ ಲಕ್ಷಾಂತರ ಬ್ರಿಟಿಷರನ್ನು ಯಾರೂ ಹಾಗೆ ಕರೆಯುವುದಿಲ್ಲ. ಅವರು ಗೌರವಾನ್ವಿತ 'ಅನಿವಾಸಿಗಳು'.

ಸಹೋದರರೇ, ವಲಸಿಗನ ಕಥೆಯನ್ನು ಅವನ ವಿರೋಧಿಗಳು ಹೇಳುವ ಪರಿಪಾಠ ಹಳೆಯದು. ಮಕ್ಕಾದ ಹಿಂಸೆಯಿಂದ ಪಾರಾಗಲು ಸಹಾಬಿಗಳು ಅಬಿಸೀನಿಯಕ್ಕೆ ಹೋದಾಗ ಕುರೈಶರು ಉಡುಗೊರೆಗಳ ಸಹಿತ ದೂತರನ್ನು ಅಟ್ಟಿದರು. ಇವರು ಬುದ್ಧಿಗೇಡಿ ಹುಡುಗರು, ನಿಮ್ಮ ಧರ್ಮವನ್ನೂ ಒಪ್ಪದವರು, ಒಪ್ಪಿಸಿಬಿಡಿ ಎಂದು ದೂರಿದರು. ಆಸ್ಥಾನಿಕರು ತಲೆದೂಗಿದರು. ನಜ್ಜಾಶಿ ದೊರೆ ಮಾತ್ರ, ಅವರನ್ನೇ ಕರೆಯಿಸಿ ಕೇಳದೆ ತೀರ್ಪು ಕೊಡಲಾರೆ ಎಂದನು. ಜಅಫರ್ ಬಿನ್ ಅಬೀ ತಾಲಿಬ್(ರ) ತಮ್ಮ ಕಥೆಯನ್ನು ತಾವೇ ಹೇಳಿದರು. ಉಡುಗೊರೆಗಳು ಮರಳಿ ಹೋದವು.

ಇಷ್ಟು ಹೇಳಿ ಇಳಿದುಹೋದರೆ ನೀವು ಮೆಚ್ಚುತ್ತೀರಿ. ಆದರೆ ನಮ್ಮ ಮೊಹಲ್ಲಾದ ಮಾತೂ ಆಗಬೇಕು. ನಮ್ಮಲ್ಲಿ ಕೊಲ್ಲಿ ರಾಷ್ಟ್ರಕ್ಕೆ ಮಗನನ್ನು ಕಳುಹಿಸದ ಮನೆಗಳು ಎಷ್ಟಿವೆ? ಹಾಗಿದ್ದೂ ಅಸ್ಸಾಮಿನಿಂದ, ಬಂಗಾಳದಿಂದ ಗಾರೆ ಕೆಲಸಕ್ಕೆ ಬಂದ ಹುಡುಗರಿಗೆ ಬಾಡಿಗೆ ಕೋಣೆ ಕೊಡಲು ನಾವು ಹಿಂಜರಿಯುತ್ತೇವೆ. ಕಳ್ಳತನವಾದರೆ ಮೊದಲ ಸಂಶಯ ಅವರ ಮೇಲೆ. 'ಬಾಂಗ್ಲಾದವರು' ಎಂಬ ಮಾತು ನಮ್ಮ ಬಾಯಿಯಲ್ಲೂ ಸಲೀಸಾಗಿ ಬರುತ್ತದೆ. ಸುದ್ದಿ ಬಂದರೆ ಮೊದಲು ಪರಿಶೀಲಿಸಿರೆಂಬ ಸೂರಃ ಹುಜುರಾತ್‌ನ ಆದೇಶವು ನಮ್ಮ ಮೊಬೈಲುಗಳಿಗೂ ಅನ್ವಯಿಸುತ್ತದೆ.

ಜುಮಾ ದಿನ ಅವರು ನಮ್ಮ ಸಫ್‌ಗಳಲ್ಲೇ ನಿಲ್ಲುತ್ತಾರೆ, ಸಲಾಮಿನ ನಂತರ ಮಾತಾಡಿಸುವವರಿಲ್ಲದೆ ಹೊರಟುಹೋಗುತ್ತಾರೆ. ಮುಂದಿನ ಜಮಾಅತ್ ಸಭೆಗೆ ಅವರಲ್ಲಿ ಇಬ್ಬರನ್ನಾದರೂ ಕರೆದು, ಅವರ ಮಾತನ್ನು ಕೇಳಬೇಕೆಂದು ಇಲ್ಲಿರುವ ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ.