ಏಳು ಆಲ್ಬಮ್‌ಗಳ ತಾರತಮ್ಯ

ನಾನು ಕಿರವತ್ತಿಯ ನಾಟಾ ಡಿಪೋದಲ್ಲಿ ಬಹುಕಾಲ ಗುಮಾಸ್ತನಾಗಿದ್ದವನು. ಕಾಡಿನಿಂದ ಬಂದ ಸಾಗವಾನಿ ದಿಮ್ಮಿಗಳ ಉದ್ದ, ಸುತ್ತಳತೆ ಬರೆದುಕೊಳ್ಳುವುದು, ಅವನ್ನು ಲಾಟುಗಳಾಗಿ ವಿಂಗಡಿಸಿ ಲಿಲಾವಿಗೆ ಅಣಿಮಾಡುವುದು, ಇಷ್ಟೇ ನನ್ನ ವಿದ್ಯೆ. ಇಂಥವನು ಸಂಗೀತದ ವಿಷಯ ಮಾತನಾಡಲು ಹೊರಟಿರುವುದೇ ಸಾಹಸ. ಅದರಲ್ಲೂ ಕಿವಿ ಮುಚ್ಚಿಕೊಳ್ಳಬೇಕೆನ್ನಿಸುವ ಸಂಗೀತ! ಆದರೂ ತಾವು ಸ್ವಲ್ಪ ಹೊತ್ತು ಸಹಿಸಿಕೊಳ್ಳಬೇಕೆಂದು ಬೇಡುತ್ತೇನೆ. ಮೇಲು ಕೀಳು ಗೊತ್ತುಮಾಡುವ ಕೆಲಸ ನನಗೆ ಹೊಸತಲ್ಲ.

ಮೊದಲು ಈ ಸಂಗೀತದ ಕುಲಗೋತ್ರ. ಅಮೆರಿಕದ ಫ್ಲೋರಿಡಾದಲ್ಲಿ ಚಕ್ ಶುಲ್ಡಿನರ್ ಎಂಬ ಹುಡುಗನಿದ್ದ. ಅವನ ಅಣ್ಣ ಅಪಘಾತದಲ್ಲಿ ತೀರಿಕೊಂಡಾಗ, ಮಗನ ದುಃಖ ಮರೆಸಲೆಂದು ತಂದೆತಾಯಿ ಒಂದು ಗಿಟಾರು ಕೊಡಿಸಿದರು. ಮುಂದೆ ಅವನು ಕಟ್ಟಿದ ತಂಡದ ಹೆಸರೇ 'ಡೆತ್', ಅಂದರೆ ಸಾವು. 1987ರಲ್ಲಿ ಬಂದ ಆ ತಂಡದ ಮೊದಲ ಆಲ್ಬಮ್ ಡೆತ್ ಮೆಟಲ್ ಎಂಬ ಪ್ರಕಾರದ ಮೂಲಗಳಲ್ಲಿ ಒಂದು. ಇದರಲ್ಲಿ ಗಾಯಕ ಹಾಡುವುದಿಲ್ಲ; ಗುಡುಗುತ್ತಾನೆ. ಯಕ್ಷಗಾನ ಕಂಡವರಿಗೆ ಇದು ತೀರ ಅಪರಿಚಿತವಲ್ಲ. ತೆರೆಯ ಹಿಂದಿನಿಂದ ಬಣ್ಣದ ವೇಷ ಅಬ್ಬರಿಸಿದಾಗ, ರಾಕ್ಷಸನ ಶ್ರುತಿ ಸರಿಯಿಲ್ಲವೆಂದು ಯಾರೂ ಎದ್ದುಹೋಗುವುದಿಲ್ಲ. ಆ ಅಬ್ಬರ ಚಂಡೆಯೊಡನೆ ಕೂಡಿತೇ ಇಲ್ಲವೇ ಎಂದಷ್ಟೇ ನೋಡುತ್ತೇವೆ.

ನಾನಿಲ್ಲಿ ತೂಗಬೇಕೆಂದಿರುವುದು ನಮ್ಮ ಬೆಂಗಳೂರಿನ 'ಕ್ರಿಪ್ಟೋಸ್' ತಂಡವನ್ನು. 1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಸೇರಿ ಕಟ್ಟಿದ ತಂಡ ಇದು. ಶಾಸ್ತ್ರ ಬಲ್ಲವರು ಇದನ್ನು ಡೆತ್ ಮೆಟಲ್ ಎಂದು ಕರೆಯಲಾರರು. ಅದರ ನೆರೆಮನೆಯದು ಎಂದಾರು. ಕಂಠ ಅಲ್ಲಿಯಂತೆಯೇ ಒರಟು. ಆದರೆ ಎರಡು ಗಿಟಾರುಗಳು ಜೋಡಿ ಎತ್ತಿನಂತೆ ಕೂಡಿ ನಡೆಯುವ ರೀತಿ ಐರನ್ ಮೇಡನ್, ಜುಡಾಸ್ ಪ್ರೀಸ್ಟ್ ಎಂಬ ಬ್ರಿಟಿಷ್ ತಂಡಗಳಿಂದ ಬಂದ ಬಳುವಳಿ.

ನನಗೆ ಇದರ ಗೀಳು ಹತ್ತಿದ್ದು ಜಗಳದಿಂದ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಕಚೇರಿ ನಡೆಯಿತು. ನನ್ನ ಮಗ ಪರೀಕ್ಷೆಯನ್ನು ಬಿಟ್ಟು ಹುಬ್ಬಳ್ಳಿಯಿಂದ ರೈಲು ಹತ್ತಿದ. ತಿರುಗಿ ಬಂದಾಗ ನಾನು ಆಡಬಾರದ ಮಾತು ಆಡಿದೆ. ಮುಂದಿನ ವರ್ಷ ಅವನು ಬೆಂಗಳೂರಿನಲ್ಲಿ ಕೆಲಸ ಹಿಡಿದ. ದೀಪಾವಳಿಗೆ ಎರಡು ದಿನ ಬಂದು ಹೋದವನ ಕೋಣೆಯಲ್ಲಿ ಒಂದು ಸಿ.ಡಿ. ಉಳಿದಿತ್ತು. ಕ್ರಿಪ್ಟೋಸ್‌ನವರ ಎರಡನೆಯ ಆಲ್ಬಮ್, 2008ರ 'ದಿ ಆರ್ಕ್ ಆಫ್ ಜೆಮಿನಿ'. ಮಗ ನನ್ನನ್ನು ಬಿಟ್ಟು ಯಾವುದರ ಬೆನ್ನು ಹತ್ತಿದನೋ ಅದೇನೆಂದು ತಿಳಿಯಲು ಹಾಕಿ ಕೇಳಿದೆ. ಮೊದಲ ದಿನ ತಲೆನೋವು ಬಂತು. ಹತ್ತನೆಯ ದಿನ ಗಿಟಾರುಗಳ ಒಂದು ತಿರುವು ಬರುವುದನ್ನು ಮುಂಚಿತವಾಗಿ ಕಾಯುತ್ತ ಕೂತಿದ್ದೆ. ಹಾಗೆಂದು ಅವನಿಗೆ ಬರೆದೆ. ಅವನು 2004ರ ಮೊದಲ ಆಲ್ಬಮ್ 'ಸ್ಪೈರಲ್ ಅಸೆಂಟ್' ಕಳುಹಿಸಿದ. ಅಂದಿನಿಂದ ಹೊಸದು ಬಂದಾಗಲೆಲ್ಲ ಇಬ್ಬರೂ ನಮ್ಮ ನಮ್ಮ ಪಟ್ಟಿ ಬರೆದು ಕಳುಹಿಸುವುದು ರೂಢಿಯಾಯಿತು. ಬೇರೆ ವಿಷಯದಲ್ಲಿ ನಾಲ್ಕು ಸಾಲಿಗೆ ಮುಗಿಯುತ್ತಿದ್ದ ಅವನ ಕಾಗದ, ಈ ವಿಷಯದಲ್ಲಿ ನಾಲ್ಕು ಪುಟವಾಗುತ್ತಿತ್ತು.

2012ರಲ್ಲಿ 'ದಿ ಕಾಯಿಲ್ಸ್ ಆಫ್ ಅಪೋಲಿಯಾನ್' ಬಂತು. 2016ರಲ್ಲಿ 'ಬರ್ನ್ ಅಪ್ ದಿ ನೈಟ್', 2019ರಲ್ಲಿ 'ಆಫ್ಟರ್‌ಬರ್ನರ್', 2021ರಲ್ಲಿ 'ಫೋರ್ಸ್ ಆಫ್ ಡೇಂಜರ್', 2024ರಲ್ಲಿ 'ಡೆಸಿಮೇಟರ್'. ಒಟ್ಟು ಏಳು. 'ಡೆತ್' ತಂಡದ ಆಲ್ಬಮ್‌ಗಳೂ ಏಳೇ. ಆದರೆ ಎರಡರ ದಾರಿ ಒಂದಕ್ಕೊಂದು ವಿರುದ್ಧ. ಶುಲ್ಡಿನರ್ ಸರಳವಾದ ಘೋರದಿಂದ ಹೊರಟು, 1998ರ ಕೊನೆಯ ಆಲ್ಬಮ್‌ನ ಹೊತ್ತಿಗೆ ಬಹು ಜಟಿಲವಾದ ರಚನೆಗೆ ಬಂದ. 2001ರಲ್ಲಿ 34ನೆಯ ವಯಸ್ಸಿಗೇ ಮಿದುಳಿನ ಗೆಡ್ಡೆಯಿಂದ ತೀರಿಕೊಂಡ. ಕ್ರಿಪ್ಟೋಸ್‌ನವರು ಜಟಿಲದಿಂದ ಹೊರಟು ಸರಳಕ್ಕೆ ಬಂದರು. ಮೊದಲಿನ ಹಾಡುಗಳು ಉದ್ದುದ್ದ. ಒಂದರೊಳಗೆ ನಾಲ್ಕು ಹಾಡಿನ ಸರಕು. 2016ರಿಂದೀಚಿನವು ಚಿಕ್ಕವು, ನೇರವಾದವು. ಇದು ಏರಿಕೆಯೋ ಇಳಿತವೋ? ಹಳೆಯ ಅಭಿಮಾನಿಗಳಲ್ಲಿ ಇಳಿತವೆನ್ನುವವರು ಇದ್ದಾರೆ. 'ಬರ್ನ್ ಅಪ್ ದಿ ನೈಟ್' ಬಂದಾಗ ನಾನೂ ಹಾಗೆಂದೇ ಬಗೆದು, ಅದನ್ನು ಎಲ್ಲಕ್ಕೂ ಕೆಳಗಿಟ್ಟೆ.

ನನ್ನ ಅಭಿಪ್ರಾಯ ಬದಲಿಸಿದ್ದು ಡಿಪೋದ ಒಂದು ನೆನಪು. ಒಮ್ಮೆ ಲಿಲಾವಿಗೆ ಮುಂಚೆ ಹುಬ್ಬಳ್ಳಿಯ ಮುದುಕ ಬಡಗಿಯೊಬ್ಬ ದಿಮ್ಮಿಗಳನ್ನು ನೋಡಲು ಬಂದಿದ್ದ. ಎಲ್ಲಕ್ಕಿಂತ ದಪ್ಪವಾದದ್ದನ್ನು ತೋರಿಸಿದೆ. ಅವನು ಅದರ ಒಂದು ತುದಿಗೆ ಕೊಡಲಿಯ ಬೆನ್ನಿನಿಂದ ಬಡಿಯಲು ಹುಡುಗನಿಗೆ ಹೇಳಿ, ಇನ್ನೊಂದು ತುದಿಗೆ ಕಿವಿ ಹಚ್ಚಿದ. ಆಮೇಲೆ ತೆಳ್ಳನೆಯ ದಿಮ್ಮಿಯೊಂದರ ಕಡೆ ಹೋದ. "ಸಾಹೇಬ್ರ, ಸುತ್ತಳತಿ ನೀವು ನೋಡ್ರಿ, ದನಿ ನಾ ನೋಡ್ತೀನಿ" ಎಂದ. ದಪ್ಪನೆಯ ದಿಮ್ಮಿಯ ಹೊಟ್ಟೆ ಪೊಳ್ಳಾಗಿತ್ತು. ತೆಳ್ಳನೆಯದು ಉದ್ದಕ್ಕೂ ಚೇಗು.

ನಾನು ಆಲ್ಬಮ್‌ಗಳ ಸುತ್ತಳತೆ ನೋಡುತ್ತಿದ್ದೆನೆಂದು ಆಗ ಹೊಳೆಯಿತು. ಹಾಡು ಎಷ್ಟು ಉದ್ದ, ತಿರುವು ಎಷ್ಟು, ಕೈಚಳಕ ಎಷ್ಟು ಎಂಬ ಲೆಕ್ಕ. ಅಂದಿನಿಂದ ಪರೀಕ್ಷೆ ಬೇರೆ ಮಾಡಿಕೊಂಡೆ. ಆಲ್ಬಮ್ ಪೂರ್ತಿ ಕೇಳಿ, ಯಂತ್ರ ನಿಲ್ಲಿಸಿ, ಯಲ್ಲಾಪುರದ ರಸ್ತೆಯಲ್ಲಿ ಒಂದು ಮೈಲಿ ನಡೆಯುವುದು. ಲಾರಿಗಳ ಸದ್ದಿನ ನಡುವೆಯೂ ಯಾವುದು ಉಳಿಯುತ್ತದೆಯೋ ಅದು ಚೇಗು.

ಈ ಪರೀಕ್ಷೆಯಂತೆ ನನ್ನ ಪಟ್ಟಿ ಇದು. ಏಳನೆಯದು 'ಫೋರ್ಸ್ ಆಫ್ ಡೇಂಜರ್'. ಅದರಲ್ಲಿ ದೋಷವೇನೂ ಇಲ್ಲ, ಹಿಂದಿನದರ ಅಚ್ಚಿನಲ್ಲೇ ಎರಕ ಹೊಯ್ದಂತಿದೆ. ಆರನೆಯದು 'ಸ್ಪೈರಲ್ ಅಸೆಂಟ್'. ಯೌವನದ ಸಿರಿ ಇದೆ, ಆದರೆ ಗೊತ್ತಿದ್ದುದನ್ನೆಲ್ಲ ಒಂದೇ ಸಲ ಹೇಳಿಬಿಡುವ ಆತುರವೂ ಇದೆ. ಐದನೆಯದು 'ಆಫ್ಟರ್‌ಬರ್ನರ್', ಬಾಯಿಗೆ ಬೇಗ ಬರುತ್ತದೆ, ಬೇಗ ಮರೆಯುತ್ತದೆ. ನಾಲ್ಕನೆಯದು 'ದಿ ಆರ್ಕ್ ಆಫ್ ಜೆಮಿನಿ'. ಇದನ್ನು ಮೊದಲ ಸ್ಥಾನದಿಂದ ಇಳಿಸುವಾಗ ನನ್ನ ಕೈ ನಡುಗಿತು. ಮಗನ ಕೋಣೆಯಲ್ಲಿ ಸಿಕ್ಕಿದ್ದೆಂಬ ಕಾರಣಕ್ಕೆ ಅದು ಹೆಚ್ಚಿನದಾಗಲಾರದು. ಮಮತೆ ಬೇರೆ, ಬೆಲೆ ಬೇರೆ. ಮೂರನೆಯದು 'ಡೆಸಿಮೇಟರ್', ಇಪ್ಪತ್ತಾರು ವರ್ಷ ಕೂಡಿ ಬಾರಿಸಿದ ತಂಡದ ಹದ ಅದರಲ್ಲಿದೆ. ಎರಡನೆಯದು 'ದಿ ಕಾಯಿಲ್ಸ್ ಆಫ್ ಅಪೋಲಿಯಾನ್'. ಹಳೆಯ ಹರಹು, ಹೊಸ ಬಿಗಿ ಎರಡೂ ಕೂಡಿದ ಸಂಧಿ. ಮೊದಲನೆಯದು 'ಬರ್ನ್ ಅಪ್ ದಿ ನೈಟ್'. ಬಾರದವನು ಸರಳವಾಗಿ ಬಾರಿಸಿದರೆ ಅದು ಅವನ ಮಿತಿ. ಹನ್ನೆರಡು ವರ್ಷ ಕಠಿಣವಾದುದನ್ನು ಬಾರಿಸಿ ತೋರಿಸಿದವರು ಅದನ್ನೆಲ್ಲ ಕೆತ್ತಿ ತೆಗೆದು, ಮೆಚ್ಚಿದವರ ಮುನಿಸಿಗೂ ಸಿದ್ಧರಾಗಿ, ಚೇಗನ್ನಷ್ಟೇ ಮುಂದಿಟ್ಟದ್ದು ಧೈರ್ಯ. ಲೂಯಿಸ್ ಮತ್ತು ರೋಹಿತ್ ಚತುರ್ವೇದಿಯವರ ಜೋಡಿ ಗಿಟಾರು ಅದರಲ್ಲಿ ಮೊದಲ ಬಾರಿಗೆ ಉಸಿರಾಡಲು ಜಾಗ ಪಡೆಯಿತೆಂದು ನನ್ನ ಭಾವನೆ.

ಈ ಪಟ್ಟಿಯನ್ನು ಮಗನಿಗೆ ಕಳುಹಿಸಿದೆ. "ಅಪ್ಪಾ, ಅಪೋಲಿಯಾನ್ ಎರಡನೆಯದೆ? ನಿಮಗೆ ಕಿವಿ ಮಂದವಾಗಿದೆ" ಎಂದು ಉತ್ತರ ಬಂದಿದೆ. ಈ ದೀಪಾವಳಿಗೆ ಒಂದು ವಾರ ರಜೆ ಹಾಕಿ ಬರುತ್ತಾನಂತೆ. ನಾನೂ ಬಿಡುವವನಲ್ಲ. ಇಬ್ಬರೂ ಕೂಡಿ ಯಲ್ಲಾಪುರದ ರಸ್ತೆಯಲ್ಲಿ ಒಂದು ಮೈಲಿ ನಡೆದು ನೋಡುತ್ತೇವೆ.