ಮನೆಯ ಕಾರ್ಯಾಗಾರಕ್ಕೆ ಯೋಗ್ಯ ಸಾಕೆಟ್
(ಹನುಮಸಾಗರದ ರೈತರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಕುಷ್ಟಗಿ ತಾಲೂಕಿನ ಹನುಮಸಾಗರ ಭಾಗದಲ್ಲಿ ಕೊಟ್ಟಿಗೆಯ ಪಕ್ಕದ ಶೆಡ್ಡೇ ಅನೇಕರಿಗೆ ಕಾರ್ಯಾಗಾರ. ಕುಂಟೆಯ ಕುಡ ಸಾಣೆ ಹಿಡಿಯುವುದು, ಕಬ್ಬಿಣಕ್ಕೆ ತೂತು ಹಾಕುವುದು, ಮೇವು ಕತ್ತರಿಸುವುದು ಎಲ್ಲವೂ ಅಲ್ಲಿಯೇ. ಯಂತ್ರಕ್ಕೆ ಸಾವಿರಾರು ರೂಪಾಯಿ ಕೊಟ್ಟವರೇ ಸಾಕೆಟ್ ಕೊಳ್ಳುವಾಗ ಹತ್ತು ರೂಪಾಯಿಗೆ ಚೌಕಾಸಿ ಮಾಡುವುದುಂಟು.

ಪೇಟೆಯಲ್ಲಿ ಸಾಮಾನ್ಯವಾಗಿ 6 ಮತ್ತು 16 ಆಂಪಿಯರಿನ ಸಾಕೆಟ್‌ಗಳು ದೊರೆಯುತ್ತವೆ. 500 ವ್ಯಾಟಿನ ಕೈ ಡ್ರಿಲ್ಲಿಗೆ ಚಿಕ್ಕದು ಸಾಕು. ಆದರೆ ಒಂದು ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು ಓಡುವಾಗಲೇ ಸುಮಾರು ಆರೇಳು ಆಂಪಿಯರ್ ಎಳೆಯುತ್ತದೆ. ಚಾಲೂ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಬೇಡುತ್ತದೆ. ಮೇವಿನ ಯಂತ್ರಕ್ಕೆ 16 ಆಂಪಿಯರಿನದೇ ಇರಬೇಕು, 2.5 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ತಾಮ್ರದ ತಂತಿಯೂ ಬೇಕು. ದೊಡ್ಡ ವೆಲ್ಡಿಂಗ್ ಯಂತ್ರವನ್ನು ಇದಕ್ಕೆ ಜೋಡಿಸಲೇಬಾರದು.

ಸಾಕೆಟ್ ಕರಕಲಾದರೆ "ಕರೆಂಟು ಜಾಸ್ತಿ ಬಂತು" ಎನ್ನುವುದು ರೂಢಿ. ಬಹಳ ಸಲ ನಿಜವಾದ ಕಾರಣ ಸಡಿಲ ಹಿಡಿತ. ಒಳಗಿನ ಹಿತ್ತಾಳೆಯ ಪಟ್ಟಿಗಳು ಪಿನ್ನನ್ನು ಬಿಗಿಯಾಗಿ ಹಿಡಿಯದಿದ್ದರೆ ಅಲ್ಲಿ ತಡೆ ಹುಟ್ಟುತ್ತದೆ. ಈ ತಡೆ ಅರ್ಧ ಓಮ್ ಇದ್ದು 10 ಆಂಪಿಯರ್ ಹರಿದರೆ 50 ವ್ಯಾಟ್ ಶಾಖ! ರೇಡಿಯೋ ರಿಪೇರಿಯವರ ಕಾದ ಬೆಸುಗೆ ಕಡ್ಡಿಯನ್ನೇ ಸಾಕೆಟ್ಟಿನೊಳಗೆ ಇಟ್ಟಂತೆ. ಆದ್ದರಿಂದ ಅಂಗಡಿಯಲ್ಲಿಯೇ ಪ್ಲಗ್ ಹಾಕಿ ತೆಗೆದು ನೋಡಬೇಕು. ಬಿಗಿಯಾಗಿ ಕೂಡಬೇಕು, ಅಲುಗಾಡಬಾರದು. ಐ.ಎಸ್.ಐ. ಗುರುತು ಮತ್ತು ಐ.ಎಸ್. 1293 ಎಂಬ ಸಂಖ್ಯೆ ಇದೆಯೇ ಎಂದು ಪರೀಕ್ಷಿಸುವುದು. ತೂತುಗಳಿಗೆ ಒಳಮುಚ್ಚಳವಿದ್ದರೆ ಮಕ್ಕಳು ಕಡ್ಡಿ ತೂರಿಸಲಾರರು. ಹೊಟ್ಟು, ದೂಳು ಒಳಸೇರುವುದೂ ಕಡಿಮೆ.

ಪ್ಲಗ್ ಇಲ್ಲವೆಂದು ಬರಿ ತಂತಿಗಳನ್ನು ತೂತಿಗಿಟ್ಟು ಬೆಂಕಿಕಡ್ಡಿ ತುರುಕುವ ಅಭ್ಯಾಸ ಪ್ರಾಣಕ್ಕೆ ಎರವಾಗುವಂಥದು. ಮೇಲಿನ ದಪ್ಪ ತೂತು ಅಲಂಕಾರಕ್ಕಲ್ಲ. ಅರ್ಥ್ ಪಿನ್ನು ಉಳಿದೆರಡಕ್ಕಿಂತ ಉದ್ದ; ಮೊದಲು ಸೇರುತ್ತದೆ, ಕೊನೆಗೆ ಬಿಡುತ್ತದೆ. ಯಂತ್ರದ ಮೈಗೆ ವಿದ್ಯುತ್ ತಗಲಿದರೆ ಅದು ಭೂಮಿಗಿಳಿಯುವ ದಾರಿ ಇದೇ. ಆ ತೂತಿನ ಹಿಂದೆ ತಂತಿಯೇ ಇಲ್ಲದ ಶೆಡ್ಡುಗಳೂ ಇವೆ! ತಂತಿ ಇದ್ದರೂ ಬೇಸಿಗೆಯಲ್ಲಿ ಮಸಾರಿ ಮಣ್ಣು ಒಣಗಿ ವಿದ್ಯುತ್ತನ್ನು ಸರಿಯಾಗಿ ಒಯ್ಯದು. ಅರ್ಥ್ ಗುಂಡಿಗೆ ಆಗಾಗ ನೀರು ಹಾಕಬೇಕು.

ಇದರೊಂದಿಗೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಕೂಡಿಸಿದರೆ, ಸೋರಿಕೆಯಾದಾಗ ಅದು ಕ್ಷಣಾರ್ಧದಲ್ಲಿ ವಿದ್ಯುತ್ ಕಡಿಯುತ್ತದೆ. ಬೆಲೆ ಸಾಕೆಟ್ಟಿಗಿಂತ ಬಹಳ ಹೆಚ್ಚು, ನಿಜ. ಒಂದು ಎತ್ತಿನ ಬೆಲೆಯ ಮುಂದೆ ಏನೂ ಅಲ್ಲ. ಸಾಕೆಟ್ಟನ್ನು ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ, ನೀರು, ಗಂಜಳ ಸಿಡಿಯದ ಗೋಡೆಗೆ, ಪರವಾನಿಗೆ ಪಡೆದ ವೈರ್‌ಮನ್‌ನಿಂದಲೇ ಕೂಡಿಸುವುದು.